ಪ್ರಚಂಡಸೇನನ ಜ್ವರ

ಜುಲೈ ೫, ೧೯೯೭, ಶನಿವಾರ

ಬಾಯಿ ಮುಚ್ಚಿಕೊಂಡು ಮಲಗಬೇಕಂತೆ! ಆಸ್ಪತ್ರೆಯ ನರ್ಸಮ್ಮನ ಅಪ್ಪಣೆ. ಯಾರಿಗೆ? ನಾಟಕ ನೋಡಲು ಬಯಲು ತುಂಬ ಕೂತ ಜನಕ್ಕೆ ಮೈಕಿಲ್ಲದೆ, ಕಟ್ಟಕಡೆಯ ಸಾಲಿನಲ್ಲಿ ಶೇಂಗಾ ಮಾರುವವನಿಗೂ ಕೇಳುವಂತೆ ಗರ್ಜಿಸಿದ ಈ ಸಿದ್ದರಾಮಪ್ಪನಿಗೆ! ಮಾತು ಒಳಗೇ ಉಳಿದರೆ ನನಗೆ ಅಜೀರ್ಣವಾಗುತ್ತದೆ. ಆದ್ದರಿಂದ ಉಪ್ಪಲ್‌ನ ಮನೆಗೆ ಬಂದವನೇ ಈ ಡೈರಿ ಹಿಡಿದು ಕೂತಿದ್ದೇನೆ. ಪ್ರೇಕ್ಷಕರು ಯಾರೂ ಇಲ್ಲ. ಪರವಾಗಿಲ್ಲ, ಈ ತೆಲುಗು ನಾಡಿನ ನಮ್ಮ ಕನ್ನಡ ಸಂಘದ ಸಾಹಿತ್ಯ ಗೋಷ್ಠಿಗಿಂತ ಒಬ್ಬರು ಕಡಿಮೆ, ಅಷ್ಟೆ.

ಹಿಂದಿನ ಕಥೆ ಸಂಕ್ಷೇಪವಾಗಿ: ರಕ್ಷಣಾ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟುಗಳಿಗೆ ಕಾವಲಿದ್ದು ನಿವೃತ್ತನಾದವನಿಗೆ ಮೇ ತಿಂಗಳಲ್ಲಿ ಮೂತ್ರದಲ್ಲಿ ರಕ್ತ ಕಾಣಿಸಿತು. ಬೀದರ ಕಡೆಯ ಡಾಕ್ಟರ್ ನರಹರಿ ದುರ್ಬೀನು ಹಾಕಿ ಮೂತ್ರಕೋಶದೊಳಗೆ ಇಣುಕಿದರು. ಗಡ್ಡೆ. ಕ್ಯಾನ್ಸರ್. ಕೆರೆದು ತೆಗೆದರು. ಗೋಡೆಯೊಳಕ್ಕೆ ಇಳಿದಿಲ್ಲವಂತೆ, ಆದರೆ ಮತ್ತೆ ಮತ್ತೆ ಬರುವ ಜಾತಿಯಂತೆ. ಹಾಗೆ ಬರುತ್ತಲೇ ಇದ್ದರೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಅಂಟಿಸುತ್ತಾರೆ. ರಾಜ ಖಡ್ಗ ಕಟ್ಟುವ ಜಾಗದಲ್ಲಿ ಚೀಲ! ಎಂಥ ವೇಷಭೂಷಣ!

ಅದು ಮರಳದಿರಲು ಮದ್ದೇನು? ಹಸುಗೂಸಿನ ತೋಳಿಗೆ ಚುಚ್ಚುವ ಕ್ಷಯದ ಲಸಿಕೆ, ಬಿ.ಸಿ.ಜಿ. ಅರವತ್ತೆರಡರ ಪ್ರಾಯದಲ್ಲಿ ನನಗೆ ಲಸಿಕೆ, ಅದೂ ತೋಳಿಗಲ್ಲ. ಯಾವ ದಾರಿಯಲ್ಲಿ ನಳಿಕೆ ತೂರಿಸಿದರೆಂದು ಡೈರಿಗೂ ಹೇಳಲಾರೆ. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಾಗಿದ್ದ ನಮ್ಮಪ್ಪ ನನ್ನನ್ನು ಪರದೆಯ ಹಿಂದೆ ಬೆಳೆಸಿದವರು. ಸಭ್ಯ ರಂಗದ ಮೇಲೆ ಏನು ಹೇಳಬಾರದೆಂದು ಕಲಿಸಿದ್ದಾರೆ. ಔಷಧಿ ಹಾಕಿದ ಮೇಲೆ ಎರಡು ತಾಸು ತಡೆದುಕೊಂಡು ಮಲಗಬೇಕು. ಅಂಗಾತ, ಎಡಕ್ಕೆ, ಬೋರಲು, ಬಲಕ್ಕೆ. ನನ್ನ ಹೆಂಡತಿ ಬಸಲಿಂಗಮ್ಮ ಹಂಚಿನ ಮೇಲೆ ರೊಟ್ಟಿ ತಿರುವುವಂತೆ ನರ್ಸಮ್ಮ ನನ್ನನ್ನು ತಿರುವಿದಳು.

“ನೋಡ್ರಿ ಸಿದ್ದರಾಮಪ್ಪನವ್ರ,” ಎಂದರು ಡಾಕ್ಟರು, “ಈ ಔಷಧ ತಾನs ಗಡ್ಡಿ ಕೊಲ್ಲಂಗಿಲ್ಲ. ನಿಮ್ಮ ರಕ್ತದಾಗಿನ ಕಾವಲು ಕಣಗೋಳ್ನ ಎಬ್ಬಸ್ತದ. ಕೊಲ್ಲೋದು ಅವು.”

“ಹಂಗಾದ್ರ ಇಷ್ಟು ದಿವಸ ಅವು ಏನ್ ಮಾಡಾಕತ್ತಿದ್ವು?”

“ಮಲಗಿದ್ವು.”

ಇಡೀ ಆಯುಷ್ಯ ಸರ್ಕಾರಿ ನೌಕರಿ ಮಾಡಿದವನ ಮೈ. ಕಣಗಳಿಗೂ ಅಭ್ಯಾಸವಾಗಿರಬೇಕು.

“ಬ್ಯಾರೆ ಏನರೆ ಔಷಧ ತಗೋತೀರೇನು? ಬಿ.ಪಿ., ಶುಗರ್, ದಮ್ಮು?”

“ಒಂದೂ ಇಲ್ಲ!” ಎಂದೆ. ವಾರ್ಡಿನ ಕಿಟಕಿಯ ಪಾರಿವಾಳಗಳು ಹಾರಿಹೋದವು.

“ರೀ, ಮೆಲ್ಲಗ,” ಎಂದಳು ಬಸಲಿಂಗಮ್ಮ. “ಉಪ್ಪಲ್ ಡಿಪೋದ ಬಸ್ಸೂ ಹಿಂಗ ಹಾರ್ನ್ ಹೊಡಿಯಂಗಿಲ್ಲ.”

ನನ್ನ ಖಾಯಂ ವಿಮರ್ಶಕಿ. ಮದುವೆಯಾದಾಗಿನಿಂದ ಅವಳ ವಿಮರ್ಶೆ ಈ ಒಂದೇ ಶಬ್ದ: ಮೆಲ್ಲಗ.

ಜುಲೈ ೧೨, ಶನಿವಾರ

ಎರಡನೆಯ ಡೋಸು. ಪಕ್ಕದ ಮಂಚದಲ್ಲಿ ಖಾಜಾಮಿಯಾ, ಮೊಘಲ್‌ಪುರದಲ್ಲಿ ಶೇರ್ವಾನಿ ಹೊಲಿಯುವ ದರ್ಜಿ. ಅವನಿಗೂ ಇದೇ ರೋಗ, ಇದೇ ಲಸಿಕೆ, ಇದೇ ರೊಟ್ಟಿಯ ಯೋಗ. ಬಡಪಾಯಿ ಹೊದಿಕೆಯ ಮೇಲೆ ಹೊದಿಕೆ ಹೊದ್ದರೂ ವಾರವೆಲ್ಲ ಜ್ವರದಲ್ಲಿ ನಡುಗಿದನಂತೆ.

“ಕ್ಯಾ ಸಾಬ್, ತುಮಕು ಬುಖಾರ್ ನೈ ಆಯಾ? ಮೇರೆಕು ತೋ ರಜಾಯಿ ಪೆ ರಜಾಯಿ ಡಾಲೇ, ಫಿರ್ ಭೀ ಕಾಂಪ್‌ರಾ ಥಾ!”

ಜ್ವರ? ನನಗೆ? ಉರಿಯೂ ಇಲ್ಲ, ಚಳಿಯೂ ಇಲ್ಲ, ಮೈ ಬೆಚ್ಚಗೂ ಆಗಲಿಲ್ಲ. ಪ್ರಚಂಡಸೇನ ಮಹಾರಾಜನನ್ನು ನಡುಗಿಸುವ ಕ್ರಿಮಿ ಇನ್ನೂ ಹುಟ್ಟಿಲ್ಲ, ಮಿಯಾ, ಎಂದೆ. ಪ್ರಚಂಡಸೇನ ಯಾರೆಂದು ಕೇಳಿದ. ತಪ್ಪು ಮಾಡಿದ. ನಮ್ಮಪ್ಪ ಕಂಪನಿಗಾಗಿ ಬರೆದ ನಾಟಕದ ರಾಜ, ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವಕ್ಕೆ ನಾನು ಆಡಲಿರುವ ಪಾತ್ರ, ಎಂದು ಆರಂಭಿಸಿ ಎರಡು ತಾಸೂ ಹೇಳಿದೆ. ಮೂರನೆಯ ಅಂಕದಲ್ಲಿ ಕೋಟೆ ಬೀಳುತ್ತದೆ. ಒಳಗಿನವರೇ ಯಾರೋ ಬಾಗಿಲು ತೆಗೆದಿರುತ್ತಾರೆ. ರಾಜ ಒಬ್ಬನೇ ನಿಂತು ಕೇಳುತ್ತಾನೆ: “ಕೋಟೆಯ ಬಾಗಿಲು ತೆರೆದವರಾರು?” ಆ ಸಾಲಿಗೆ ನಾನು ರಾಯಚೂರಿನಲ್ಲಿ ಒನ್ಸ್ ಮೋರ್ ಪಡೆದಿದ್ದೇನೆ, ಸತ್ತುಬಿದ್ದ ಸೈನಿಕರು ಎದ್ದು ಮತ್ತೆ ಸಾಯಬೇಕಾಯಿತು. ಖಾಜಾಮಿಯಾ ರಜಾಯಿಯನ್ನು ತಲೆಯ ತನಕ ಎಳೆದುಕೊಂಡ. ಜ್ವರವಿರಬೇಕು.

ಡಾಕ್ಟರು ಮಾತ್ರ ವಿಚಿತ್ರ. ಅವನ ಜ್ವರದ ಚೀಟಿ ನೋಡಿ ಮುಗುಳ್ನಕ್ಕರು. ನನ್ನದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಗಟ್ಟಿಮುಟ್ಟಾದ ಮನುಷ್ಯನನ್ನು ಕಂಡರೆ ವೈದ್ಯರಿಗೆ ವ್ಯಾಪಾರದ ಚಿಂತೆ.

ಜುಲೈ ೨೦, ಭಾನುವಾರ

ಸಂಘದ ಹಾಲಿನಲ್ಲಿ ತಾಲೀಮು. ಸೇನಾಪತಿಯ ಪಾತ್ರ ತಿಪ್ಪೇಸ್ವಾಮಿಗೆ. ಚಿತ್ರದುರ್ಗದ ಕಡೆಯವನು, ನಮ್ಮದೇ ಕಾರ್ಖಾನೆಯ ಫಿಟ್ಟರ್. ಖಡ್ಗವನ್ನು ಸ್ಪ್ಯಾನರ್ ಹಿಡಿದಂತೆ ಹಿಡಿಯುತ್ತಾನೆ. ಸಂಭಾಷಣೆಯನ್ನು ಹಾಜರಿ ಕೂಗಿದಂತೆ ಹೇಳುತ್ತಾನೆ. ನನ್ನ ಪಾತ್ರದ ಮೇಲೆ ಅವನ ಕಣ್ಣಿದೆ. ಇರಲಿ, ಕಣ್ಣಿಗೆ ಕರವಿಲ್ಲ.

ನನ್ನ ಕಂಠ ಇಂದು ಕಂಚಿನ ಗಂಟೆ. ಹೋದ ವರ್ಷ ಹರಿದ ನಗಾರಿಯಂತಾಗಿತ್ತು. ಮಂತ್ರಿಯ ಪಾತ್ರದ ಅಮರೇಶಪ್ಪನಿಗೆ ಉಪ್ಪಲ್ ಚೌರಸ್ತಾದಲ್ಲಿ ಮೆಡಿಕಲ್ ಶಾಪಿದೆ. ಚೀಟಿ ಗೀಟಿ ಕೇಳದೆ ಅವನು ಕೊಟ್ಟ ಪುಟ್ಟ ಬಿಳಿ ಗುಳಿಗೆಯಿಂದ ಗಂಟಲು ತೆರೆಯಿತು. ಅಂದಿನಿಂದ ದಿನಾ ಮುಂಜಾನೆ ಚಹಾದ ಜೊತೆ ಒಂದು, ತಾಲೀಮಿನ ದಿನ ಎರಡು. ಕಂಪನಿಯ ಕಾಲದಲ್ಲಿ ಜ್ಯೇಷ್ಠಮಧು, ಕರಿಮೆಣಸು, ಕಲ್ಲುಸಕ್ಕರೆ ಎಂದು ಒದ್ದಾಡುತ್ತಿದ್ದರು. ಈಗ ವಿಜ್ಞಾನ ಮುಂದುವರಿದಿದೆ. ಇದೇನು ಔಷಧಿಯಲ್ಲ. ಮುಖಕ್ಕೆ ಬಣ್ಣ ಇದ್ದ ಹಾಗೆ ಗಂಟಲಿಗೆ ಇದು.

ಆಗಸ್ಟ್ ೯, ಶನಿವಾರ

ಆರನೆಯ, ಕೊನೆಯ ಡೋಸು. ಈ ಸಲವೂ ಜ್ವರವಿಲ್ಲ! ಖಾಜಾಮಿಯಾ ಸೋತು ಸೊರಗಿ ಗೋಡೆ ಹಿಡಿದು ನಡೆದ. ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದೆ. ಪರಾಕ್ರಮಕ್ಕೂ ಒಂದು ಪದಕ ಕೊಡುವ ವ್ಯವಸ್ಥೆ ಈ ಆಸ್ಪತ್ರೆಯಲ್ಲಿಲ್ಲ. ಕೊಡುವುದೇನಿದ್ದರೂ ಬ್ಲೀಚಿಂಗ್ ಪೌಡರ್: ಮನೆಯಲ್ಲಿ ಮೂತ್ರ ಮಾಡಿದ ಮೇಲೆ ಪಾಯಖಾನೆಗೆ ಸುರಿಯಲು. ಲಸಿಕೆಯ ಕ್ರಿಮಿ ಜೀವಂತ ಇರುತ್ತದಂತೆ.

ಆಗಸ್ಟ್ ೨೪, ಭಾನುವಾರ

ಕಿರೀಟ ಬಿಗಿಯಾಗಿದೆ! ಹೋದ ವರ್ಷ ಕಿವಿಯ ಮೇಲೆ ಜಾರುತ್ತಿದ್ದ ಕಿರೀಟ ಇಂದು ಹಣೆಗೆ ಕಚ್ಚಿ ಕೂತಿತು. ಮುಖ ತುಂಬಿಕೊಂಡಿದೆ, ಕೆನ್ನೆಗೆ ರಂಗು ಬಂದಿದೆ.

“ಏನ್ ಸಾರ್, ಮುಖ ಒಳ್ಳೆ ಹುಣ್ಣಿಮೆ ಚಂದ್ರ ಆಗೈತಲ್ಲ!” ಎಂದ ತಿಪ್ಪೇಸ್ವಾಮಿ. “ಆಪರೇಷನ್ ಆದೋರು ಇಳಿತಾರೆ ಅಂತಾರೆ, ನೀವು ಏರ್ತಾ ಇದ್ದೀರಲ್ಲ.”

ರಾಜಕಳೆ ಎಂದರೇನೆಂದು ಫಿಟ್ಟರನಿಗೆ ಹೇಗೆ ಗೊತ್ತಾಗಬೇಕು? ಬಸಲಿಂಗಮ್ಮನಿಗೂ ಗೊತ್ತಾಗುವುದಿಲ್ಲ. “ಮಾರಿ ಉಬ್ಬೇತಿ, ಕೈಕಾಲು ಸಣ್ಣ ಆಗ್ಯಾವ, ಡಾಕ್ಟರಿಗೆ ಹೇಳ್ರಿ,” ಎಂದು ಎರಡು ಸಲ ಅಂದಳು. ಮೂರನೆಯ ಸಲ ಅನ್ನುವುದರೊಳಗೆ ನಾನು ಎರಡನೆಯ ಅಂಕ ಶುರು ಮಾಡಿದ್ದೆ.

ಸೆಪ್ಟೆಂಬರ್ ೨೦, ಶನಿವಾರ

ದುರ್ಬೀನು ಪರೀಕ್ಷೆ. ಮೊದಲು ಖಾಜಾಮಿಯಾ ಒಳಗೆ ಹೋಗಿ ನಗುತ್ತ ಹೊರಬಂದ. “ಸಾಫ್ ಹೈ ಸಾಬ್, ಏಕ್‌ದಮ್ ಸಾಫ್!” ನಡುಗಿದವನೇ ಸಾಫ್ ಎಂದ ಮೇಲೆ ನನ್ನದು ಅಮೃತಶಿಲೆಯ ಹಾಗೆ ಹೊಳೆಯುತ್ತಿರಬೇಕೆಂದು ಎದೆ ಉಬ್ಬಿಸಿ ಹೋದೆ.

“ಮತ್ತ ಬಂದದ ರೀ,” ಎಂದರು ಡಾಕ್ಟರು.

ಗಡ್ಡೆಗೆ ಒನ್ಸ್ ಮೋರ್ ಸಿಕ್ಕಿದೆ. ರಾಯಚೂರಿನಲ್ಲಿ ನನಗೂ ಇಷ್ಟು ಬೇಗ ಸಿಕ್ಕಿರಲಿಲ್ಲ.

ಕಾವಲು ಕಣಗಳಿಗೆ ಏನಾಯಿತು, ಸತ್ತವೇ ಎಂದು ಕೇಳಿದೆ. ಡಾಕ್ಟರು ಕುರ್ಚಿ ಎಳೆದು ಕೂತರು. “ಸತ್ತಿಲ್ಲ. ಗಡ್ಡಿ ಭಾಳ ಶಾಣ್ಯಾ ಇರ್ತದ. ಕೊಲ್ಲಾಕ ಬಂದ ಕಣಗೋಳ್ನs ಪುಸಲಾಯಿಸ್ತದ. ಕೆಲವು ಅಲ್ಲೇ ಕುಂತು ಅದಕ್ಕ ಊಟ ಬಡಸ್ತಾವ, ಬೆಳಿಲಿ ಅಂತ ರಕ್ತದ ನಳ ಎಳಕೊಡ್ತಾವ. ಬ್ಯಾರೆ ಕಣಗೋಳು ಹೊಡಿಯಾಕ ಬಂದ್ರ ಬಾಗಿಲದಾಗ ನಿಂತು ತಡೀತಾವ.”

ನಮ್ಮ ಸಂಘದ ಕಾರ್ಯಕಾರಿ ಸಮಿತಿ ನನ್ನ ಹೊಟ್ಟೆಯೊಳಗೇ ಸಭೆ ಸೇರಿದೆ ಎಂದು ಆಗ ತಿಳಿಯಿತು.

“ಅಂಥಾವನ್ನ ಬಡದೆಬ್ಬಸಾಕs ಲಸಿಕೆ. ಎದ್ದು ಜಗಳಕ್ಕ ನಿಂತಾವಂದ್ರ ಉರಿ ಆಗ್ತದ, ಜ್ವರ ಬರ್ತದ. ಜ್ವರ ಬರದs ಗುಣ ಆದವ್ರೂ ಅದಾರ. ಆದ್ರ ನಿಮಗ ಆರು ಡೋಸಿಗೂ ಒಂದು ಸಣ್ಣ ಉರಿ ಸೈತ ಇಲ್ಲ. ಅದs ನನಗ ತಿಳಿವಲ್ದು.” ಹೀಗೆಂದು ನನ್ನ ಮುಖವನ್ನೇ ದಿಟ್ಟಿಸಿದರು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ತೋಳು ಹಿಸುಕಿದರು. “ಮಾರಿ ಯಾವಾಗಿಂದ ಹಿಂಗ ಉಬ್ಬ್ಯದ?”

ರಾಜಕಳೆ ಎನ್ನಲು ಬಾಯಿ ತೆರೆದೆ. ಬಸಲಿಂಗಮ್ಮ ಅಷ್ಟರಲ್ಲಿ ಕೈಚೀಲಕ್ಕೆ ಕೈ ಹಾಕಿದ್ದಳು. ಮಧ್ಯಾಹ್ನ ತಾಲೀಮಿತ್ತು. ನನ್ನ ಗುಳಿಗೆ ಅವಳ ಚೀಲದಲ್ಲೇ ಇರುತ್ತದೆ.

“ಗಂಟಲಕ್ಕಂತ ಇದೊಂದು ತಗೋತಾರ್ರಿ, ದಿನಾ. ಅವ್ರು ಔಷಧ ಅಲ್ಲ ಅಂತಾರ.”

ಡಾಕ್ಟರು ಗುಳಿಗೆಯ ಪಟ್ಟಿಯ ಹಿಂಬದಿ ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು.

“ಸ್ಟಿರಾಯ್ಡ್,” ಎಂದರು. ಅವರ ದನಿ ಏರಲಿಲ್ಲ, ಅದೇ ಹೆದರಿಕೆ. “ನಾ ಇಲ್ಲಿ ನಿಮ್ಮ ಸೈನ್ಯ ಎಬ್ಬಸಾಕತ್ತೀನಿ, ನೀವು ದಿನಾ ಮುಂಜಾನೆ ಚಹಾ ಕುಡದು ಅದಕ್ಕ ಜೋಗುಳ ಹಾಡಾಕತ್ತೀರಿ. ಈ ಗುಳಿಗಿ ಗಂಟಲಿನ ಬಾವು ಇಳಸ್ತದ, ಖರೆ. ಹೆಂಗ ಇಳಸ್ತದ? ಇಡೀ ಮೈಯಾಗಿನ ಕಾವಲು ಕಣಗೋಳ್ನ ಮಲಗಿಸಿ! ಮ್ಯಾಲೆ ನಾ ಹಾಕಿದ್ದು ಜೀವಂತ ಕ್ರಿಮಿ. ಅದು ರಕ್ತಕ್ಕ ಹತ್ತಿದ್ರ ತಡಿಯವ್ರು ಯಾರಿದ್ರು? ನೀವು ಇಲ್ಲಿ ಕುಂತು ಮಾತಾಡಾಕತ್ತಿದ್ದು ನಿಮ್ಮ ಪುಣ್ಯ.”

ನಾನು ಮಾತಾಡುತ್ತಿರಲಿಲ್ಲ. ಒಂದು ಸಾಲೂ ನೆನಪಿಗೆ ಬರಲಿಲ್ಲ, ವಿಂಗಿನಲ್ಲಿ ಪ್ರಾಂಪ್ಟರೂ ಇರಲಿಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ಏನೂ ಇಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಮತ್ತೆ ಕೆರೆದರು. ಗುಳಿಗೆಯನ್ನು ಒಮ್ಮೆಲೇ ಬಿಡಬಾರದಂತೆ, ಮೈ ಕುಸಿಯುತ್ತದಂತೆ. ಅರ್ಧ, ಕಾಲು, ದಿನ ಬಿಟ್ಟು ದಿನ, ಹೀಗೆ ಇಳಿಸಬೇಕು. ರಾಜನನ್ನು ಸಿಂಹಾಸನದಿಂದ ಇಳಿಸುವಾಗಲೂ ಇಷ್ಟು ಮರ್ಯಾದೆ ಇರುವುದಿಲ್ಲ. ಪೂರ್ತಿ ಬಿಟ್ಟ ಮೇಲೆ ಮತ್ತೆ ಆರು ಶನಿವಾರ ಲಸಿಕೆ. ಅದಾದ ಮೇಲೂ ಗಡ್ಡೆ ಬಂದರೆ ಮಾತಿಲ್ಲ, ಚೀಲವೇ.

“ಗಂಟಲಿಗೆ ಬ್ಯಾರೆ ಏನೂ ಇಲ್ಲೇನ್ರಿ?” ಎಂದು ಕೇಳಿದೆ. “ನವೆಂಬರ್ ಇಪ್ಪತ್ತಮೂರಕ್ಕ ನಾಟಕ ಐತಿ.”

“ಅದ,” ಎಂದರು ಡಾಕ್ಟರು. “ಬಾಯಿ ಮುಚ್ಚೋದು.”

ಬೀದರಿನವರಿಗೆ ಹಾಸ್ಯಪ್ರಜ್ಞೆ ಇದೆ ಎಂದು ಇಂದು ತಿಳಿಯಿತು.

ಅಕ್ಟೋಬರ್ ೧೨, ಭಾನುವಾರ

ಗುಳಿಗೆ ನಿಂತು ಐದು ದಿನ. ತಾಲೀಮು. ಮೂರನೆಯ ಅಂಕ. “ಕೋಟೆಯ ಬಾಗಿಲು” ಎನ್ನುವವರೆಗೆ ಕಂಠ ಬಂತು. “ತೆರೆದವರಾರು” ಎನ್ನುವಾಗ ತಗಡಿನ ಮೇಲೆ ಮೊಳೆ ಎಳೆದ ಸದ್ದು. ಹಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬದಲಿಗೆ ಚಪ್ಪಾಳೆ ತಟ್ಟಿದರು, ಮುದುಕರ ಸನ್ಮಾನ ಸಮಾರಂಭದಲ್ಲಿ ತಟ್ಟುವ ಥರದ್ದು.

ಮಂತ್ರಿವರ್ಯ ಅಮರೇಶಪ್ಪ ಪಕ್ಕಕ್ಕೆ ಬಂದು ಅಂಗೈ ಬಿಚ್ಚಿದ. ಪುಟ್ಟ ಬಿಳಿ ಗುಳಿಗೆ. “ಒಂದs ಒಂದು ರೀ ಸಿದ್ದರಾಮಪ್ಪಣ್ಣ. ನಾಟಕ ಮುಗಿಯೋತನಕ. ಒಂದರಾಗ ಏನಾಕ್ಕತಿ?”

ತಿಪ್ಪೇಸ್ವಾಮಿ ನೆಲ ನೋಡುತ್ತ ನಿಂತಿದ್ದ. ಎಲ್ಲರೂ ಕಾದರು. ನಾನೂ ನೋಡೋಣವೆಂದು ಕಾದೆ. ಆ ಗುಳಿಗೆಯನ್ನು ನುಂಗಿದರೆ ಅರ್ಧ ತಾಸಿನಲ್ಲಿ ನಾನು ಪ್ರಚಂಡಸೇನ. ನುಂಗಲಿಲ್ಲ. ಯಾಕೆ? ನೀರಿನ ಲೋಟ ದೂರವಿತ್ತು. ಅಷ್ಟು ದೂರ ಯಾರು ಏಳಬೇಕು?

ಕಿರೀಟ ತೆಗೆದು ತಿಪ್ಪೇಸ್ವಾಮಿಯ ತಲೆಗೆ ಇಟ್ಟೆ. ಅವನಿಗೆ ಅದು ಕಿವಿಯ ತನಕ ಇಳಿಯಿತು.

“ಸಾರ್, ನನಗೆ ಬ್ಯಾಡ ಸಾರ್, ನನ್ನ ಕೈಲಿ ಆಗಲ್ಲ,” ಎಂದ. ಕಣ್ಣಲ್ಲಿ ನೀರು. ಅಭಿನಯ ಅಲ್ಲ, ಅವನಿಗೆ ಅಭಿನಯ ಬರುವುದಿಲ್ಲ.

“ಆಗಲ್ಲ ಅಂತ ಊರಿಗೇ ಗೊತ್ತೈತಿ,” ಎಂದೆ. “ಅದಕ್ಕs ಪ್ರಾಂಪ್ಟರ್ ಆಗಿ ನಾ ಕುಂದರ್ತೀನಿ.”

ಅಕ್ಟೋಬರ್ ೧೯, ಭಾನುವಾರ

ಗಂಟಲಿಗೆ ವಿಶ್ರಾಂತಿ. ಬಸಲಿಂಗಮ್ಮ ಅಕ್ಕಿ ಆರಿಸುತ್ತ, ತವರಿನ ಬಾವಿಗೆ ಅವಳ ಅಕ್ಕನ ಬುಗುಡಿ ಬಿದ್ದ ಕಥೆ ಹೇಳಿದಳು. ಚೆನ್ನಾಗಿದೆ, ಎಲ್ಲಿ ನಿಲ್ಲಿಸಬೇಕೆಂದೂ ಅವಳಿಗೆ ಗೊತ್ತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಪಿಸುಗುಟ್ಟಿದೆ. ಇದು ಎಂಟನೆಯ ಸಲವಂತೆ.

ನವೆಂಬರ್ ೧, ಶನಿವಾರ

ಎರಡನೆಯ ಸುತ್ತಿನ ಮೊದಲ ಡೋಸು. ಹೊರಗೆ ಸಂಘದಲ್ಲಿ ರಾಜ್ಯೋತ್ಸವದ ಧ್ವಜ ಏರಿತು. ಇಲ್ಲಿ ನನ್ನೊಳಗೆ ನಳಿಕೆ ಏರಿತು. ಸಂಜೆಯವರೆಗೆ ಥರ್ಮಾಮೀಟರನ್ನು ಬಾಯಲ್ಲಿಟ್ಟುಕೊಂಡೇ ಕೂತೆ. ಜ್ವರವಿಲ್ಲ. ಬಸಲಿಂಗಮ್ಮ ಹಣೆ ಮುಟ್ಟಿ ನೋಡಿದಳು, ನಾನು ಅವಳ ಮುಖ ನೋಡಿದೆ.

ನವೆಂಬರ್ ೮, ಶನಿವಾರ

ಉರಿ! ಮೂತ್ರ ಮಾಡುವಾಗ ಒಳಗೆ ಹಸಿ ಮೆಣಸಿನಕಾಯಿ ಅರೆದು ಹಚ್ಚಿದಂತೆ. ಆಹಾ.

ನವೆಂಬರ್ ೧೫, ಶನಿವಾರ

ಸಂಜೆ ಚಳಿ ಶುರುವಾಯಿತು. ಹಲ್ಲು ಕಟಕಟ. ಬಸಲಿಂಗಮ್ಮ ಥರ್ಮಾಮೀಟರನ್ನು ಬಲ್ಬಿನ ಕೆಳಗೆ ಹಿಡಿದು, “ನೂರಾ ಒಂದು!” ಎಂದು ಕೂಗಿದಳು. ಮಗನಿಗೆ ಪರೀಕ್ಷೆಯಲ್ಲಿ ಬಂದ ಅಂಕ ಓದುವಾಗ ತಾಯಂದಿರು ಹೀಗೆ ಕೂಗುತ್ತಾರೆ. ಮೆಲ್ಲಗೆ, ಬಾಜೂ ಮನೆಯವರು ಕೇಳುತ್ತಾರೆ ಎಂದೆ. ಅವಳಿಗೆ ಕೇಳಿಸಲಿಲ್ಲ.

ಅದೇ ಹೊತ್ತಿಗೆ ಖಾಜಾಮಿಯಾ ಬಂದ. ನಾನು ಸರಿಪಡಿಸಲು ಕೊಟ್ಟಿದ್ದ ರಾಜನ ನಿಲುವಂಗಿಯನ್ನು ತಿಪ್ಪೇಸ್ವಾಮಿಯ ಅಳತೆಗೆ ಹೊಂದಿಸಿ ತಂದಿದ್ದ. ನಾನು ನಡುಗುವುದನ್ನು ಕಂಡು ಅಂಗಿಯನ್ನು ಅಲ್ಲೇ ಬಿಟ್ಟು ನನ್ನ ಎರಡೂ ಕೈ ಹಿಡಿದ. “ಮುಬಾರಕ್ ಹೋ ಸಾಬ್! ಬುಖಾರ್ ಆಗಯಾ!”

ಹೊದೆಯಲು ರಜಾಯಿ ಸಾಲದೆ, ಮಿಯಾ ರಾಜನ ನಿಲುವಂಗಿಯನ್ನೂ ನನ್ನ ಮೇಲೆ ಹೊದಿಸಿದ. ಜರಿ ಚುಚ್ಚುತ್ತದೆ. ಇಷ್ಟು ವರ್ಷ ತೊಟ್ಟರೂ ಗೊತ್ತಿರಲಿಲ್ಲ.

ನವೆಂಬರ್ ೧೭, ಸೋಮವಾರ

ನಿನ್ನೆ ಬಸಲಿಂಗಮ್ಮ ಡಾಕ್ಟರಿಗೆ ಫೋನು ಮಾಡಿದಳು. “ಎರಡು ದಿವಸದಾಗ ಇಳಿದ್ರ ಛಲೋ, ಇಳೀಲಿಲ್ಲಂದ್ರ ಓಡಿ ಬರ್ರಿ,” ಎಂದರಂತೆ. ಇಳಿಯಿತು.

ನವೆಂಬರ್ ೨೩, ಭಾನುವಾರ

ನಾಟಕ. ನಿನ್ನೆ ನಾಲ್ಕನೆಯ ಡೋಸು. ಮೈ ಬಿಸಿ ಇನ್ನೂ ಇತ್ತು. ಶಾಲು ಹೊದ್ದು ಸೈಡ್ ವಿಂಗಿನಲ್ಲಿ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತೆ. ಪ್ರಾಂಪ್ಟರನ ಜಾಗ ಎಷ್ಟು ಕೆಟ್ಟದೆಂದರೆ, ಅಲ್ಲಿಂದ ನಾಟಕ ಕಾಣುವುದಿಲ್ಲ, ನಟನ ಬೆನ್ನು ಮಾತ್ರ ಕಾಣುತ್ತದೆ. ತಿಪ್ಪೇಸ್ವಾಮಿಯ ಬೆನ್ನು ಮೊದಲ ಅಂಕವಿಡೀ ಬೆವರಿತು. ಎರಡನೆಯ ಅಂಕದಲ್ಲಿ ಖಡ್ಗವನ್ನು ಖಡ್ಗದಂತೆಯೇ ಹಿಡಿದ. ಹಿಂದಿನ ಭಾನುವಾರಗಳಲ್ಲಿ ಪಿಸುದನಿಯಲ್ಲಿ ಹೇಳಿಕೊಟ್ಟದ್ದು ಗೋಡೆಗೆ ಹೇಳಿದಂತಾಗಿರಲಿಲ್ಲ.

ಮೂರನೆಯ ಅಂಕ. ಕೋಟೆ ಬಿತ್ತು. ಸೈನಿಕರು ಬಿದ್ದರು. ತಿಪ್ಪೇಸ್ವಾಮಿ ಒಬ್ಬನೇ ನಿಂತ. ನಿಂತೇ ಇದ್ದ. ಸಾಲು ಮರೆತಿದೆ! ಅವನ ಬೆನ್ನು ನನ್ನ ಕಡೆ ವಾಲಿತು.

ಮೂರೇ ಮಾತು ಹೇಳಿಕೊಡುವುದು. ನಿದ್ದೆಯಲ್ಲೂ ಹೇಳುವ ಸಾಲು. ಪುಸ್ತಕ ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. “ಕೋಟೆಯ ಬಾಗಿಲು,” ಎಂದು ಪಿಸುಗುಟ್ಟಿದೆ. ಮುಂದಿನದು ಯಾಕೋ ಗಂಟಲಲ್ಲಿ ಸಿಕ್ಕಿತು. ಜ್ವರದಿಂದ ಇರಬೇಕು. ಉಗುಳು ನುಂಗಿ ಅದನ್ನೂ ಹೇಳಿದೆ.

ತಿಪ್ಪೇಸ್ವಾಮಿ ಗರ್ಜಿಸಲಿಲ್ಲ. ನಾನು ಹೇಳಿಕೊಟ್ಟಂತೆಯೇ, ಅಷ್ಟೇ ಮೆಲ್ಲಗೆ, ಅಷ್ಟೇ ತಡವರಿಸಿ, ತನ್ನನ್ನೇ ಕೇಳಿಕೊಂಡಂತೆ ಕೇಳಿದ. ಪೆದ್ದ! ಹಾಗೆ ಹೇಳುವ ಸಾಲೇ ಅಲ್ಲ ಅದು. ಆದರೆ ಜನ ಕೂತ ಕಟ್ಟಕಡೆಯ ಸಾಲಿನ ತನಕ ಕೇಳಿತು. ಯಾರೂ ಒನ್ಸ್ ಮೋರ್ ಕೂಗಲಿಲ್ಲ. ಕತ್ತಲಲ್ಲಿ ಯಾರೋ ಮೂಗು ಸೀಟಿದ ಸದ್ದು ಕೇಳಿತು.

ಪರದೆ ಬಿದ್ದ ಮೇಲೆ ನನ್ನ ಕಾಲು ಮುಟ್ಟಲು ಬಂದ. ಎತ್ತಿ ನಿಲ್ಲಿಸಿ, ಅವನ ಬೆವರನ್ನು ನನ್ನ ಶಾಲಿನಿಂದ ಒರೆಸಿದೆ. ಶಾಲು ಹೇಗೂ ಒಗೆಯಬೇಕಿತ್ತು.

ಜನವರಿ ೧೭, ೧೯೯೮, ಶನಿವಾರ

ದುರ್ಬೀನು. ಡಾಕ್ಟರು ಬಹಳ ಹೊತ್ತು ಇಣುಕಿದರು. ನಾನು ಛಾವಣಿಯ ಫ್ಯಾನು ನೋಡುತ್ತ ಮಲಗಿದ್ದೆ. ನಾಟಕದ ಒಂದು ಸಾಲೂ ಮನಸ್ಸಿಗೆ ಬರಲಿಲ್ಲ, ಬುಗುಡಿ ಬಿದ್ದ ಬಾವಿ ಬಂತು.

“ಏನೂ ಇಲ್ಲ ರೀ,” ಎಂದರು ಕೊನೆಗೆ. “ಗೋಡಿ ಸ್ವಚ್ಛ ಅದ. ನಿಮ್ಮ ಕಣಗೋಳು ಜಗಳ ಮಾಡ್ಯಾವ. ಮೂರು ತಿಂಗಳಿಗೆ ಮತ್ತ ನೋಡೋಣ. ಆವಾಗಿಂದು ನಾ ಈಗs ಹೇಳಲಾರೆ. ಇವತ್ತಿಗೆ ಚೀಲದ ಮಾತಿಲ್ಲ.”

ಹೊರಗೆ ಬೆಂಚಿನ ಮೇಲೆ ಬಸಲಿಂಗಮ್ಮ ಕೈಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಅವಳ ಎದುರು ನಿಂತೆ. ಕಂಠ ಮರಳಿ ಬಂದಿಲ್ಲ. ಬರುವುದಿಲ್ಲ ಎಂದು ಕಾಣುತ್ತದೆ.

“ಏನಂದ್ರು?”

“ಏನೂ ಇಲ್ಲಂತ.”

“ಸ್ವಲ್ಪ ಜೋರಾಗಿ ಹೇಳ್ರಿ,” ಎಂದಳು, ಕಿವಿಗೆ ಕೈ ಹಿಡಿದು. “ಕೇಳವಲ್ದು.”

ಇದನ್ನು ಹೇಳಿದವಳು ಬಸಲಿಂಗಮ್ಮ! ಬಾಗಿ, ಕಿವಿಯ ಹತ್ತಿರ ಹೇಳಿದೆ.

“ಇನ್ನೊಮ್ಮೆ,” ಎಂದಳು. ಈ ಸಲ ಕೈ ಕಿವಿಗೆ ಹೋಗಲಿಲ್ಲ, ಕಣ್ಣಿಗೆ ಹೋಯಿತು.

ಹೇಳಿದೆ.